ಬಚ್ಚಲ ನೀರು ಬೀದಿಗೇಕೆ? ಹಿತ್ತಲಿಗೆ ಇರಲಿ

ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶಕ್ಕೆ ಕರೆಯುತ್ತಾರೆ. ಊಟವಾದ ಮೇಲೆ ಮನೆಯನ್ನೆಲ್ಲ ತೋರಿಸುತ್ತಾರೆ. ನಡುಮನೆ, ಅಡುಗೆಮನೆ, ದೇವರ ಗೂಡು ಎಲ್ಲವೂ ಚೆಂದ. ಹಿಂಬಾಗಿಲು ತೆರೆದರೆ ಮಾತ್ರ ಗೋಡೆಯಿಂದ ಗೋಡೆಗೆ ಸಿಮೆಂಟು ನೆಲ. 'ಕೆಸರಾಗುವುದಿಲ್ಲ, ಗುಡಿಸುವುದು ಸುಲಭ' ಎನ್ನುತ್ತಾರೆ ಮನೆಯವರು. ಅಂದಿನ ಸಾರಿಗೆ ಹಾಕಿದ ಕರಿಬೇವು ಅಂಗಡಿಯಿಂದ ತಂದದ್ದು. ಪೂಜೆಯ ಹೂವೂ ಕೊಂಡು ತಂದದ್ದೇ. ಇತ್ತ ಬಚ್ಚಲ ನೀರು ಕೊಳವೆಯಲ್ಲಿಳಿದು ಬೀದಿಯ ಚರಂಡಿ ಸೇರುತ್ತಿರುತ್ತದೆ. ಕೊಳ್ಳೇಗಾಲ, ಯಳಂದೂರು, ಹನೂರು ಈ ಮೂರು ತಾಲ್ಲೂಕುಗಳಲ್ಲಿ ನೀವು ಯಾವ ಊರಿಗೆ ಹೋದರೂ ಈ ನೋಟ ಕಾಣುತ್ತೀರಿ.

ಇದಕ್ಕಾಗಿ ಬೇರೆಯವರನ್ನು ದೂರುವ ಅಧಿಕಾರ ನನಗಿಲ್ಲ. ಹಿಂದೊಮ್ಮೆ ನಾನೂ ಹಿತ್ತಲಿಗೆ ಸಿಮೆಂಟು ಹಾಕಿಸಿದವನೇ. ಎರಡು ಬೇಸಿಗೆ ಕಳೆಯುವುದರೊಳಗೆ ಬುದ್ಧಿ ಬಂತು. ಹಿಂದಿನ ಕೋಣೆ ರಾತ್ರಿ ಹತ್ತು ಗಂಟೆಯಾದರೂ ಕಾವು ಬಿಡುತ್ತಿರಲಿಲ್ಲ. ಗೋಡೆಯ ಪಕ್ಕದ ಹಳೆಯ ನಿಂಬೆಗಿಡ ಬುಡಕ್ಕೆ ನೀರು ಇಳಿಯದೆ ಒಣಗಿತು. ಸಿಮೆಂಟು ಹಾಕಲು ಕೂಲಿ ಕೊಟ್ಟ ನಾನೇ ಅದನ್ನು ಒಡೆಯಲೂ ಕೂಲಿ ಕೊಟ್ಟೆ. ಆ ಪಾಠದ ಬಲದಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಇಷ್ಟೇ. ಹಿತ್ತಲಿಗಾಗಿ ಬೇರೆ ನೀರು ಹುಡುಕಬೇಕಾಗಿಲ್ಲ. ಮನೆ ಬಳಸಿ ಚೆಲ್ಲುವ ನೀರೇ ಬಹುಮಟ್ಟಿಗೆ ಸಾಕು. ಆ ನೀರು ಹರಿಯುವ ದಾರಿಯನ್ನು ಮೊದಲು ಗೊತ್ತುಮಾಡಿ, ಗಿಡಗಳನ್ನು ಆಮೇಲೆ ಆರಿಸಿ. ನೀರಿನ ದಾರಿಯೇ ಹಿತ್ತಲಿನ ನಕ್ಷೆ.

ಲೆಕ್ಕ ಹಾಕಿ ನೋಡಿ

ಜಲ ಜೀವನ್ ಮಿಷನ್ 2019ರಲ್ಲಿ ಆರಂಭವಾದಾಗ ಹಳ್ಳಿಯ ಮನೆಗಳಿಗೆ ತಲೆಗೆ ದಿನಕ್ಕೆ 55 ಲೀಟರು ನೀರು ಎಂದು ಗೊತ್ತುಮಾಡಿದರು. ಐದು ಜನರ ಮನೆಗೆ ಇದು 275 ಲೀಟರು. ಕುಡಿಯಲು, ಅಡುಗೆಗೆ, ಶೌಚಕ್ಕೆ ಬಳಸಿದ್ದನ್ನು ಕಳೆದರೂ ಸ್ನಾನ, ಪಾತ್ರೆ, ಬಟ್ಟೆಯ ನೀರು ಸುಮಾರು ಅರ್ಧದಷ್ಟು ಉಳಿಯುತ್ತದೆ. ಅಂದರೆ ದಿನಕ್ಕೆ ಹತ್ತು ಹನ್ನೆರಡು ಬಿಂದಿಗೆ ನೀರು ನಿಮ್ಮ ಕಣ್ಣೆದುರೇ ಬೀದಿಗೆ ಹೋಗುತ್ತದೆ. ದೊಡ್ಡ ಬಾಳೆಗಿಡವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 15ರಿಂದ 20 ಲೀಟರು ಸಾಕು. ಬೇರೂರಿದ ನುಗ್ಗೆಮರ ನೀರನ್ನು ಕೇಳುವುದೇ ಅಪರೂಪ.

ಈಚೆಗೆ ಕೆಲವರಿಗೆ ಮನೆಯ ಮುಂದೆ, ಹಿಂದೆ ಹುಲ್ಲುಹಾಸು ಬೆಳೆಸುವ ಆಸೆ ಹುಟ್ಟಿದೆ. ನೋಡಲು ಹಿತವಾದರೂ ಬೇಸಿಗೆಯಲ್ಲಿ 10 ಅಡಿಗೆ 10 ಅಡಿ ಹುಲ್ಲನ್ನು ಹಸಿರಾಗಿಡಲು ದಿನಕ್ಕೆ ಸುಮಾರು 45 ಲೀಟರು ನೀರು ಬೇಕು. ಅಷ್ಟು ನೀರಿನಲ್ಲಿ ಎರಡು ಬಾಳೆ, ಒಂದು ನಿಂಬೆ ಬದುಕುತ್ತವೆ. ಬೃಂದಾವನವನ್ನು ನೋಡಿ ಬಂದು ಮನೆಯಲ್ಲೂ ಹಾಗೆಯೇ ಮಾಡಬೇಕೆನ್ನುವವರಿಗೆ ಒಂದು ಮಾತು: ಬೃಂದಾವನದ ಬೆನ್ನಿಗೆ ಕನ್ನಂಬಾಡಿ ಕಟ್ಟೆಯಿದೆ, ನಮ್ಮ ಹಿತ್ತಲಿನ ಬೆನ್ನಿಗೆ ಇರುವುದು ಬಚ್ಚಲು ಮಾತ್ರ. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷ ಮತ್ತೆ ಬಾರದೆಂದು ಹೇಳುವವರು ಯಾರು?

ಗುಂಡಿ ಸರಿ, ಗಿಡವೆಲ್ಲಿ?

ಉದ್ಯೋಗ ಖಾತರಿ ಯೋಜನೆಯಡಿ ಹಿಂದಿನ ವರ್ಷಗಳಲ್ಲಿ ಅನೇಕ ಹಳ್ಳಿಗಳಲ್ಲಿ ಬಚ್ಚಲು ಗುಂಡಿಗಳನ್ನು ಕಟ್ಟಿದರು. ಬೀದಿಯ ಕೆಸರು, ಸೊಳ್ಳೆಯ ಕಾಟ ಕಡಿಮೆಯಾಗಲು ಅದು ಒಳ್ಳೆಯ ಕೆಲಸ. ಆದರೆ ನನ್ನದೊಂದು ತಕರಾರಿದೆ. ನಾಲ್ಕೈದು ಅಡಿ ಆಳಕ್ಕೆ ಇಳಿದು ಇಂಗಿದ ನೀರು ಸೊಪ್ಪಿನ ಬೇರಿಗೂ ಸಿಗದು, ಬಾಳೆಯ ಬೇರಿಗೂ ಸಿಗದು. ನೀರು ಗುಂಡಿಗೆ ಬೀಳುವ ಮೊದಲು ಗಿಡದ ಬುಡವನ್ನು ಹಾದುಹೋಗಬೇಕು. ಗಿಡ ಕುಡಿದು ಮಿಕ್ಕಿದ್ದು ಗುಂಡಿಗೆ ಹೋಗಲಿ.

ಹೀಗೆ ಮಾಡಿ. ಬಚ್ಚಲಿನ ಕೊಳವೆ ಹೊರಬರುವ ಕಡೆ ಒಂದು ಅಡಿ ಅಗಲ, ಒಂದು ಅಡಿ ಆಳದ ಕಾಲುವೆಯನ್ನು ಗೋಡೆಯಿಂದ ಮೂರಡಿ ದೂರ ಬಿಟ್ಟು ತೋಡಿ. ಅರ್ಧದವರೆಗೆ ಜಲ್ಲಿಕಲ್ಲು, ತೆಂಗಿನ ಮಟ್ಟೆ ತುಂಬಿ. ನೀರು ಮೇಲೆ ಕಾಣದಂತೆ ಒಳಗೇ ಹರಿಯಬೇಕು. ನಿಂತ ನೀರು ಸೊಳ್ಳೆಯ ತೊಟ್ಟಿಲು. ಕಾಲುವೆಯ ಪಕ್ಕದಲ್ಲಿ ಆರು ಅಡಿಗೊಂದು ಬಾಳೆ, ನಡುವೆ ಕೆಸು ಹಾಕಿ. ತಾಯಿಗಿಡದ ಪಕ್ಕ ಒಂದೇ ಮರಿ ಉಳಿಸಿ, ಉಳಿದ ಮರಿಗಳನ್ನು ಕಿತ್ತುಬಿಡಿ. ಸಾಧ್ಯವಾದರೆ ಇಂಥ ಎರಡು ಕಾಲುವೆ ಮಾಡಿ ವಾರಕ್ಕೊಂದರಂತೆ ಬದಲಿಸಿ. ಸೋಪಿನ ಪುಡಿಯ ಉಪ್ಪು ಒಂದೇ ಕಡೆ ಸೇರಿದರೆ ಮಣ್ಣು ಗಟ್ಟಿಯಾಗಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅದು ಕಂಡ ಕೂಡಲೇ ಬಟ್ಟೆ ಒಗೆದ ಮೊದಲ ನೀರನ್ನು ನೇರವಾಗಿ ಗುಂಡಿಗೆ ಬಿಡಿ.

ಸೊಪ್ಪಿನ ಮಡಿಗೆ ಮಾತ್ರ ಬಚ್ಚಲ ನೀರು ಕೂಡದು. ಅದಕ್ಕೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಾಕಿ.

ಯಾವುದು ಎಲ್ಲಿ?

15 ಅಡಿ ಅಗಲ, 20 ಅಡಿ ಉದ್ದದ ಹಿತ್ತಲು ನಿಮ್ಮದೆಂದು ಇಟ್ಟುಕೊಳ್ಳಿ. ಎತ್ತರ ಬೆಳೆಯುವುದನ್ನು ಪಡುವಣ ದಿಕ್ಕಿಗೆ ಹಾಕಿ. ಮಧ್ಯಾಹ್ನದ ಬಿರುಬಿಸಿಲು ಆಗ ಮಡಿಗಳ ಮೇಲೆ ನೇರ ಬೀಳದು. ಒಂದು ನುಗ್ಗೆ ಸಾಕು. ಅದರ ಕೊಂಬೆ ಗಾಳಿಗೆ ಬೇಗ ಮುರಿಯುವುದರಿಂದ ಹೆಂಚಿನ ಸೂರಿನಿಂದ ಎಂಟು ಹತ್ತು ಅಡಿ ದೂರವಿರಲಿ. ಮೂರಡಿ ಬೆಳೆದಾಗ ಕುಡಿ ಚಿವುಟಿದರೆ ಕವಲೊಡೆದು ಕೈಗೆಟಕುವಂತೆ ಕಾಯಿ ಬಿಡುತ್ತದೆ. ತಮಿಳುನಾಡಿನ ಪೆರಿಯಕುಳದಿಂದ ಬಂದ ಪಿ.ಕೆ.ಎಂ. 1, ನಮ್ಮ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ಎರಡೂ ಬೀಜದಿಂದ ಬೆಳೆಯುವ ತಳಿಗಳು. ಒಂದು ವರ್ಷದೊಳಗೆ ಕಾಯಿ ಕಾಣಬಹುದು.

ನಡುವೆ ಬಿಸಿಲು ಬೀಳುವ ಜಾಗದಲ್ಲಿ ಮೂರಡಿ ಅಗಲದ ಎರಡು ಮಡಿ ಮಾಡಿ. ಮೂರಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ಕೈ ಎಟುಕಬೇಕು, ಮಡಿಯೊಳಗೆ ಕಾಲಿಡಬಾರದು. ಒಂದರಲ್ಲಿ ಇಂದು ದಂಟು, ಮೆಂತ್ಯ ಬಿತ್ತಿದರೆ ಇನ್ನೊಂದರಲ್ಲಿ ಹದಿನೈದು ದಿನ ಬಿಟ್ಟು ಬಿತ್ತಿ. ಹೀಗಾದರೆ ಸೊಪ್ಪು ಒಮ್ಮೆಲೇ ಬಂದು ಒಮ್ಮೆಲೇ ಮುಗಿಯುವುದಿಲ್ಲ. ಹೆಸರಘಟ್ಟದ ಸಂಸ್ಥೆಯ ಅರ್ಕಾ ಸುಗುಣ ದಂಟನ್ನು ಬೇರು ಸಹಿತ ಕೀಳದೆ ಮತ್ತೆ ಮತ್ತೆ ಕೊಯ್ಯಬಹುದು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚಪ್ಪರ ಹಾಕಿ ಆಷಾಢದಲ್ಲಿ ಅವರೆ ಊರಿ. ಒಗೆಯುವವರಿಗೆ ನೆರಳಾಯಿತು, ಚಳಿಗಾಲಕ್ಕೆ ಕಾಯಿಯೂ ಆಯಿತು. ಕರಿಬೇವು, ಒಂದು ನಿಂಬೆ, ದೊಡ್ಡಪತ್ರೆ, ತುಳಸಿ ಇವು ಹಿಂಬಾಗಿಲ ಹತ್ತಿರವಿರಲಿ. ನೆರಳಿರುವಲ್ಲಿ ಕನಕಾಂಬರ, ಬಿಸಿಲಿರುವಲ್ಲಿ ಮಲ್ಲಿಗೆ ಹಾಕಿ. ಉಳಿದ ಮೂಲೆಯಲ್ಲಿ ಮೂರಡಿ ಚೌಕದ ಗೊಬ್ಬರದ ಗುಂಡಿ ತೆಗೆಯಿರಿ. ತರಗೆಲೆಗೆ ಬೆಂಕಿ ಹಚ್ಚುವುದನ್ನು ಬಿಡಿ. ಅದನ್ನು ಗಿಡದ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ.

ಮೂರು ತಾಲ್ಲೂಕು, ಮೂರು ಬಗೆ

ಒಂದೇ ನಕ್ಷೆ ಎಲ್ಲ ಊರಿಗೂ ಒಗ್ಗುವುದಿಲ್ಲ. ಯಳಂದೂರಿನಲ್ಲಿ ಸುವರ್ಣಾವತಿಯ ಆಸುಪಾಸಿನ ತಗ್ಗು ನೆಲದಲ್ಲಿ ಮಳೆಗಾಲದಲ್ಲಿ ತೇವ ಹೆಚ್ಚು. ಅಲ್ಲಿ ಮಡಿಯನ್ನು ಒಂದು ಗೇಣು ಎತ್ತರಿಸಿ. ಅರೆನೆರಳಿನಲ್ಲಿ ಅರಿಶಿನ, ಶುಂಠಿ ಹಾಕಿ. ಅಗಸೆಯ ಗಿಡಕ್ಕೆ ವೀಳ್ಯದೆಲೆ ಬಳ್ಳಿ ಹಬ್ಬಿಸಿ.

ಕೊಳ್ಳೇಗಾಲದ ಕಾವೇರಿ ತೀರದವರ ಕಷ್ಟವೇ ಬೇರೆ. 2018ರಲ್ಲಿ, ಮತ್ತೆ 2019ರಲ್ಲಿ ಕಬಿನಿ ಮತ್ತು ಕನ್ನಂಬಾಡಿಯಿಂದ ಬಿಟ್ಟ ನೀರು ದಾಸನಪುರ, ಮುಳ್ಳೂರು ಮೊದಲಾದ ಊರುಗಳಿಗೆ ನುಗ್ಗಿತು. ಪರಂಗಿ ಗಿಡದ ಬುಡದಲ್ಲಿ ಎರಡು ದಿನ ನೀರು ನಿಂತರೆ ಬೇರು ಕೊಳೆಯುತ್ತದೆ. ಅಂಥ ಊರುಗಳಲ್ಲಿ ಪರಂಗಿ, ಕರಿಬೇವುಗಳನ್ನು ದಿಬ್ಬದ ಮೇಲೆ ನೆಡಿ. ಮುಂದಿನ ಬಿತ್ತನೆಯ ಬೀಜವನ್ನು ಅಟ್ಟದ ಮೇಲಿಡಿ.

ಹನೂರಿನ ಮಾತು ಇನ್ನೂ ಗಂಭೀರ. ಲೊಕ್ಕನಹಳ್ಳಿ, ಒಡೆಯರಪಾಳ್ಯದ ಕಡೆಯ ಕಾಡಂಚಿನವರಿಗೆ ಬಾಳೆ, ಹಲಸು ಹಾಕಿ ಎಂದು ನಾನು ಹೇಳಲಾರೆ. ಹಣ್ಣಾದ ಹಲಸಿನ ವಾಸನೆಗೆ ಆನೆ ಗೋಡೆಯವರೆಗೂ ಬರುತ್ತದೆ. ಗೆಡ್ಡೆಯ ಆಸೆಗೆ ಹಂದಿ ಕೆಸುವಿನ ಬುಡ ಅಗೆಯುತ್ತದೆ. ಜೀವಕ್ಕಿಂತ ಬಾಳೆಗೊನೆ ದೊಡ್ಡದಲ್ಲ. ಅಲ್ಲಿ ಬಚ್ಚಲ ಕಾಲುವೆಗೆ ಮಜ್ಜಿಗೆಹುಲ್ಲು, ದಾಸವಾಳ ಸಾಕು. ಸ್ವಲ್ಪ ದೂರದಲ್ಲಿ ನಿಂಬೆ, ಕರಿಬೇವು, ಮೆಣಸಿನಗಿಡ, ಅರಿಶಿನ ಇರಲಿ. ಹಲಸಿನ ಮರ ಈಗಾಗಲೇ ಇದ್ದರೆ ಕಾಯಿ ಹಣ್ಣಾಗುವ ಮೊದಲೇ ಇಳಿಸಿ ಪಲ್ಯಕ್ಕೆ ಬಳಸಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ರಾಗಿಯ ಜೊತೆಗೆ ಸಾಸಿವೆ, ಅವರೆ, ಕುಂಬಳ ಎಲ್ಲವನ್ನೂ ಬೆರೆಸಿ ಬಿತ್ತುವುದು ಅವರ ಹಿರಿಯರ ಪದ್ಧತಿ. ಮಳೆ ತಪ್ಪಿದರೂ ಹುಳು ಬಿದ್ದರೂ ಒಂದಲ್ಲ ಒಂದು ಕೈಗೆ ಸಿಗುತ್ತದೆ. ಹಿತ್ತಲಿನ ಮಡಿಗೂ ಇದೇ ನೀತಿ ಸಲ್ಲುತ್ತದೆ.

ಸಿಂಪಡಿಸುವ ಮುನ್ನ

ಇದು ರೇಷ್ಮೆಯ ಸೀಮೆ. ನಿಮ್ಮ ಮನೆಯಲ್ಲಿ ಹುಳು ಸಾಕದಿದ್ದರೂ ನೆರೆಮನೆಯಲ್ಲಿ ಸಾಕುತ್ತಿರಬಹುದು. ಹಿತ್ತಲಿನ ಬದನೆಗೆ ನೀವು ಹೊಡೆದ ಕೀಟನಾಶಕ ಗಾಳಿಯಲ್ಲಿ ತೇಲಿ ಅವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಅವರ ಇಡೀ ಬೆಳೆ ಹೋಗಬಹುದು. 'ನಾಟಿ ಔಷಧಿ ತಾನೇ' ಎಂದು ಹೊಗೆಸೊಪ್ಪಿನ ಕಷಾಯ ಹೊಡೆಯುವವರಿದ್ದಾರೆ. ರೇಷ್ಮೆಹುಳುವಿಗೆ ಅದೂ ವಿಷವೇ. ಬೇವಿನ ಕಷಾಯವೂ ಅದಕ್ಕೆ ಆಗದು. ಹಿತ್ತಲಿನಷ್ಟು ಜಾಗಕ್ಕೆ ಕೈಯಿಂದ ಹುಳು ಆರಿಸುವುದು, ಹೇನು ಬಿದ್ದ ಅವರೆಯ ಕುಡಿ ಚಿವುಟುವುದು, ತೆಳು ಸೋಪಿನ ನೀರಿನಿಂದ ತೊಳೆಯುವುದು ಸಾಕು. ಹುಳು ಸಾಕುವ ನೆರೆಯವರಲ್ಲಿ ಹಿಕ್ಕೆಯನ್ನು ಕೇಳಿ ತಂದು ಗೊಬ್ಬರದ ಗುಂಡಿಗೆ ಹಾಕಿ. ಅದು ಉತ್ತಮ ಗೊಬ್ಬರ.

ಆಕ್ಷೇಪಗಳಿಗೆ ಉತ್ತರ

'ಹಿತ್ತಲಲ್ಲಿ ಗಿಡವಿದ್ದರೆ ಹಾವು ಬರುತ್ತದೆ' ಎನ್ನುವವರಿದ್ದಾರೆ. ಹಾವು ಬರುವುದು ಇಲಿಯನ್ನು ಹುಡುಕಿಕೊಂಡು. ಇಲಿ ಸೇರುವುದು ನಾವು ರಾಶಿ ಹಾಕಿದ ಸೌದೆ, ಒಡೆದ ಹೆಂಚು, ಕಲ್ಲುಗಳ ಸಂದಿಯಲ್ಲಿ. ಗೋಡೆಯ ಪಕ್ಕ ಮೂರಡಿ ಜಾಗವನ್ನು ಬಯಲಾಗಿಟ್ಟು ದಿನವೂ ಗುಡಿಸಿ. 'ಕೋತಿ ಬಿಡುವುದಿಲ್ಲ' ಎಂಬುದು ನಿಜವಾದ ಕಷ್ಟ. ಅದಕ್ಕೆ ಪೂರಾ ಪರಿಹಾರವನ್ನು ನಾನೂ ಕಂಡಿಲ್ಲ. ಕೋತಿ ಕಾಟವಿರುವ ಕಡೆ ಹಣ್ಣಿನ ಆಸೆ ಬಿಟ್ಟು ಕರಿಬೇವು, ಹಾಗಲ, ಮೆಣಸಿನಕಾಯಿ, ಅರಿಶಿನದತ್ತ ತಿರುಗುವುದು ಲೇಸು.

'ಪುರುಸೊತ್ತಿಲ್ಲ' ಎಂಬುದು ಮೂರನೆಯ ಮಾತು. ಇಲ್ಲಿ ಗಂಡಸರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಹಿತ್ತಲಿನ ಕೆಲಸ ಹೆಂಗಸರ ಪಾಲಿನದೆಂದು ಬರೆದಿಟ್ಟವರಾರು? ಹೊಲದಲ್ಲಿ ಕಳೆ ಕಿತ್ತು ಬಂದವಳೇ ಬಿಂದಿಗೆ ಹೊತ್ತು ಮಡಿಗೂ ನೀರು ಹಾಕಬೇಕೆಂದರೆ ಅವಳು ಸಿಮೆಂಟೇ ವಾಸಿ ಎನ್ನದೆ ಇನ್ನೇನು ಮಾಡಿಯಾಳು? ಕಾಲುವೆ ತೋಡಿದ್ದರೆ ನೀರು ತಾನಾಗಿ ಹರಿಯುತ್ತದೆ. ಉಳಿದ ಕೆಲಸ ದಿನಕ್ಕೆ ಅರ್ಧ ಗಂಟೆಯದು. ಅದನ್ನು ಗಂಡಸರು, ಮಕ್ಕಳು ಹಂಚಿಕೊಳ್ಳಲಿ.

ಈ ಅರ್ಧ ಗಂಟೆಯ ಬೆಲೆ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ಮಾತ್ರೆ ಬೇಕಾದವರು ಮಾತ್ರೆ ನುಂಗಲೇಬೇಕು. ಜೊತೆಗೆ ತಟ್ಟೆಯಲ್ಲಿ ವಾರಕ್ಕೆ ನಾಲ್ಕು ದಿನವಾದರೂ ದಂಟು, ನುಗ್ಗೆಸೊಪ್ಪು ಇರಲಿ. ಮೇಲೆ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಸೊಪ್ಪೂ ನಿಂಬೆಯೂ ಹಿಂಬಾಗಿಲಲ್ಲೇ ಇದ್ದರೆ ಈ ಉಪದೇಶ ನಡೆಯುತ್ತದೆ. ಸಂತೆಯಿಂದ ತರುವುದಾದರೆ ಕೈಯಲ್ಲಿ ಕಾಸಿರುವ ವಾರ ಮಾತ್ರ ನಡೆಯುತ್ತದೆ.

ಪಂಚಾಯಿತಿಯವರಿಗೂ ಒಂದು ಮನವಿ. ಬಡವರಿಗೆ ನಿವೇಶನ ಹಂಚುವಾಗ ಮನೆಯ ಹಿಂದೆ ಹತ್ತಡಿ ಮಣ್ಣಿನ ನೆಲ ಉಳಿಯುವಂತೆ ಅಳತೆ ಹಾಕಿ. ಅದಾಗದಿದ್ದರೆ ನಾಲ್ಕು ಮನೆಗಳ ಬಚ್ಚಲ ನೀರು ಒಂದು ಕಡೆ ಸೇರುವಲ್ಲಿ ಆ ನಾಲ್ಕು ಮನೆಯವರಿಗೆ ಒಂದು ಬಾಳೆಯ ಪಾತಿಯನ್ನು ಬಿಟ್ಟುಕೊಡಿ.

ಬೀಜ, ಸಸಿಗಳ ವಿಚಾರವನ್ನು ಚಾಮರಾಜನಗರದ ಹತ್ತಿರ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಬಹುದು. ಅವರೆ, ಸೋರೆ, ಕುಂಬಳದ ಬೀಜವನ್ನಂತೂ ಕೊಳ್ಳಬೇಕಾಗಿಲ್ಲ. ಬಲಿತ ಒಂದು ಕಾಯಿಯನ್ನು ಬೀಜಕ್ಕೆ ಬಿಟ್ಟು, ಬೂದಿಯಲ್ಲಿ ಬೆರೆಸಿಟ್ಟು, ನೆರೆಯವರಿಗೂ ಒಂದು ಹಿಡಿ ಕೊಡಿ.

ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಕಣ್ಣೆದುರಿಗಿರುವುದನ್ನು ಕಡೆಗಣಿಸುವ ನಮ್ಮ ಸ್ವಭಾವವನ್ನು ಹಂಗಿಸಲು ಹೇಳಿದ ಮಾತದು. ಆಗ ಹಿತ್ತಲಲ್ಲಿ ಗಿಡವಾದರೂ ಇತ್ತು. ನಾಳೆ ಬೆಳಿಗ್ಗೆ ಸ್ನಾನ ಮುಗಿಸಿ ಹಿಂಬಾಗಿಲಿಗೆ ಹೋಗಿ, ನೀರು ಯಾವ ಕಡೆ ಹರಿಯುತ್ತಿದೆ ಎಂದು ಒಮ್ಮೆ ನೋಡಿ. ಅಲ್ಲಿಂದಲೇ ಗುದ್ದಲಿ ಹಿಡಿಯಿರಿ.