ಮಲಗಿಯೇ ಅಲೆ ಸವಾರಿ

ಮಕ್ಕಳೇ, ಸರ್ಫಿಂಗ್ ಎಂದರೆ ಹಲಗೆಯ ಮೇಲೆ ನಿಂತು ಅಲೆ ಏರುವುದು ತಾನೇ? ನಮ್ಮ ಮುಲ್ಕಿಯ ಕಡಲಲ್ಲಿ ಅದನ್ನು ಕಂಡವರೂ ಹಾಗೆಂದೇ ಹೇಳುತ್ತಾರೆ. ಆದರೆ ಈ ಆಟದ ತವರಾದ ಹವಾಯಿ ದ್ವೀಪಗಳ ಮಕ್ಕಳು ‘ಪೈಪೊ’ ಎಂಬ ಗಿಡ್ಡ ಮರದ ಹಲಗೆಯ ಮೇಲೆ ಬೋರಲು ಮಲಗಿಯೂ ಅಲೆ ಏರುತ್ತಿದ್ದರು. 1971ರಲ್ಲಿ ಅದೇ ಹವಾಯಿಯಲ್ಲಿ ಟಾಮ್ ಮೋರಿ ಎಂಬಾತ ಫೋಮಿನ ಹಲಗೆ ಕತ್ತರಿಸಿ, ಅದರ ಮೇಲೆ ಪತ್ರಿಕೆಯ ಹಾಳೆ ಹಾಸಿ, ಇಸ್ತ್ರಿ ಪೆಟ್ಟಿಗೆಯಿಂದ ತಿದ್ದಿ ಮೆತ್ತನೆಯ ಬೋರ್ಡು ಮಾಡಿದ. ಮಲಗಿ ಆಡಲೆಂದೇ ಹುಟ್ಟಿದ್ದು ಅದು.

ಇನ್ನು ಕೆಲವರು ನಿಲ್ಲಲೆಂದು ಮಾಡಿದ ಬೋರ್ಡುಗಳಲ್ಲೇ ಗಿಡ್ಡವೂ ಅಗಲವೂ ಆದದ್ದನ್ನು ಆರಿಸಿ ಅದರ ಮೇಲೆ ಮಲಗಿಬಿಡುತ್ತಾರೆ! ಸೋಮಾರಿಗಳು ಎನ್ನಬೇಡಿ. ಅಗಲವಾದ ಹಲಗೆ ಕಡಿಮೆ ವೇಗದಲ್ಲೇ ನೀರಿನ ಮೇಲೆ ಜಾರತೊಡಗುತ್ತದೆ, ಹಾಗಾಗಿ ಸಣ್ಣ ಅಲೆಯೂ ಸಾಕು. ಮೈಭಾರ ತಗ್ಗಿನಲ್ಲಿರುವುದರಿಂದ ಓಲಾಟ ಕಡಿಮೆ. ಯಾವ ಕಡೆಗೆ ಮೈ ವಾಲಿಸಿದರೆ ಹಲಗೆ ಆ ಕಡೆಗೆ ತಿರುಗುತ್ತದೆ. ಮುಖ ನೀರಿಗೆ ಅಷ್ಟು ಹತ್ತಿರವಿದ್ದರೆ ಮೊಣಕಾಲೆತ್ತರದ ಅಲೆಯೂ ಓಡುವ ಕುದುರೆಯೇ! ಮಂಡಿನೋವಿನ ಅಜ್ಜಂದಿರು ಈಗ ಕಣ್ಣರಳಿಸಿರಬೇಕು.

ಸ್ವಲ್ಪ ತಾಳಿ ಅಜ್ಜಾ, ಇಲ್ಲಿ ತಲೆಯೇ ಮುಂದೆ. ದಂಡೆಯ ಬಳಿ, ಆಳವಿಲ್ಲದಲ್ಲಿ ಧೊಪ್ಪನೆ ಮಗುಚುವ ಅಲೆ ಏರಿದರೆ ತಲೆ ಮರಳಿಗೆ ಬಡಿದು ಕುತ್ತಿಗೆಯೇ ಮುರಿಯಬಹುದು. ಹಲಗೆಯ ಅಡಿಯ ಗಟ್ಟಿ ರೆಕ್ಕೆ ತಗುಲಿದರೂ ಗಾಯ. ಅದಕ್ಕೇ ಬಲ್ಲವರು ನೀರಿಗಿಳಿಯುವ ಮುನ್ನ ದಂಡೆಯಲ್ಲಿ ಕುಳಿತು ಅಲೆಗಳನ್ನು ನೋಡುತ್ತಾರೆ. ಇಳಿಜಾರಾಗಿ ಮೆಲ್ಲನೆ ಮುರಿಯುವ ಅಲೆ ಬಂದರೆ ಸರಿ. ಎಲ್ಲವೂ ಗೋಡೆಯಂತೆ ಎದ್ದು ಬೀಳುತ್ತಿದ್ದರೆ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೊರಡುತ್ತಾರೆ.