ಪಂಪ್‌ಸೆಟ್ಟಿನ ಕಾವಲುಗಾರ ತಡಮಾಡುವುದೇಕೆ?

ಅಥಣಿ ತಾಲೂಕಿನ ಅನಂತಪುರದಂಥ ಊರಿನಲ್ಲಿ ಬೆಳೆದ ಹುಡುಗರಿಗೆ ಈ ದೃಶ್ಯ ಹೊಸದಲ್ಲ. ತ್ರೀಫೇಸ್ ಕರೆಂಟು ಬಂದ ಕೂಡಲೇ ಹೊಲಕ್ಕೆ ಓಡಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತುತ್ತೀರಿ. ಮೋಟರು ಗುರ್ ಎಂದು ಎದ್ದು, ಸ್ವಲ್ಪ ಹೊತ್ತು ಓಡಿ, ‘ಟಕ್’ ಎಂದು ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ ಟಕ್. ಕಬ್ಬು ಬಾಡುತ್ತಿದೆ, ಕರೆಂಟು ಎಷ್ಟು ಹೊತ್ತು ಇರುವುದೋ ಗೊತ್ತಿಲ್ಲ. ಆಗ ಯಾರೋ ಬಲ್ಲವರು ಪೆಟ್ಟಿಗೆ ತೆರೆದು ಒಳಗಿನ ಸಣ್ಣ ಚಕ್ರವೊಂದನ್ನು ತುಸು ತಿರುಗಿಸುತ್ತಾರೆ. ಮೋಟರು ನಿಲ್ಲದೆ ಓಡುತ್ತದೆ. ಎಲ್ಲರಿಗೂ ಸಮಾಧಾನ. ಕೆಲವು ದಿನಗಳಲ್ಲೇ ಸುಟ್ಟ ವಾಸನೆ ಬಂದು, ಮೋಟರು ರಿವೈಂಡಿಂಗ್ ಅಂಗಡಿ ಸೇರುತ್ತದೆ. ಆ ಖರ್ಚಿನಲ್ಲಿ ಮಕ್ಕಳ ಶಾಲೆಯ ಫೀಯೂ ಕೊಚ್ಚಿಹೋಗಬಹುದು.

ಆ ಸಣ್ಣ ಚಕ್ರ ಇರುವುದು ಓವರ್‌ಲೋಡ್ ರಿಲೇಯಲ್ಲಿ. ಮೋಟರಿಗೆ ಹೋಗುವ ಕರೆಂಟು ಮಿತಿ ಮೀರಿದೆಯೇ ಎಂದು ನೋಡುವ ಕಾವಲುಗಾರ ಅದು. ಒಳಗೆ ಪ್ರತಿ ಫೇಸಿಗೂ ಒಂದೊಂದು ದ್ವಿಲೋಹ ಪಟ್ಟಿ ಇರುತ್ತದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಕರೆಂಟಿನಿಂದ ಕಾದಾಗ ಒಂದು ಲೋಹ ಹೆಚ್ಚು ಹಿಗ್ಗಿ ಪಟ್ಟಿ ಬಾಗುತ್ತದೆ. ಸಾಕಷ್ಟು ಬಾಗಿದಾಗ ಸ್ಟಾರ್ಟರಿನ ಕಾಯಿಲಿಗೆ ಹೋಗುವ ಸಂಪರ್ಕ ತಪ್ಪಿ ಮೋಟರು ನಿಲ್ಲುತ್ತದೆ.

ಪಟ್ಟಿ ಕಾಯಲು ಸಮಯ ಬೇಕು. ಅಪಾಯ ಕಂಡೊಡನೆ ನಿಲ್ಲಿಸಬಾರದೇ, ಈ ನಿಧಾನವೇಕೆ ಎಂದು ನೀವು ಕೇಳಬಹುದು. ಉತ್ತರ ಮೋಟರಿನ ಸ್ವಭಾವದಲ್ಲಿದೆ. 5 ಎಚ್‌ಪಿ ತ್ರೀಫೇಸ್ ಮೋಟರು ಪೂರ್ಣ ಹೊರೆಯಲ್ಲಿ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಆದರೆ ನಿಂತಲ್ಲಿಂದ ಎದ್ದೇಳುವ ಕೆಲವು ಸೆಕೆಂಡು ಅದರ ಆರೇಳು ಪಟ್ಟು, ಅಂದರೆ 45 ಆಂಪಿಯರಿಗೂ ಹೆಚ್ಚು ಬೇಕು. ಕ್ಷಣದಲ್ಲೇ ಎಚ್ಚರಗೊಳ್ಳುವ ರಿಲೇ ಇದ್ದರೆ ಮೋಟರು ಎಂದೂ ಏಳಲಾರದು. ಸಾಮಾನ್ಯ ಬಳಕೆಯ ‘ಕ್ಲಾಸ್ 10’ ರಿಲೇ, ನಿಗದಿಪಡಿಸಿದ ಕರೆಂಟಿನ 7.2 ಪಟ್ಟು ಹರಿದಾಗ 4ರಿಂದ 10 ಸೆಕೆಂಡಿನೊಳಗೆ ಸಂಪರ್ಕ ತಪ್ಪಿಸಬೇಕು, ಒಂದೂವರೆ ಪಟ್ಟಿಗೆ, ಕಾದ ಸ್ಥಿತಿಯಲ್ಲಿ, 4 ನಿಮಿಷದೊಳಗೆ, 1.2 ಪಟ್ಟಿಗೆ ಎರಡು ಗಂಟೆಯೊಳಗೆ. ದೊಡ್ಡ ತಪ್ಪಿಗೆ ಬೇಗ ಶಿಕ್ಷೆ, ಸಣ್ಣ ತಪ್ಪಿಗೆ ತಾಳ್ಮೆ. ಶಾರ್ಟ್ ಸರ್ಕ್ಯೂಟಿನಂಥ ದೊಡ್ಡ ಅನಾಹುತ ತಡೆಯುವುದು ಫ್ಯೂಜಿನ ಕೆಲಸ.

ಈ ತಾಳ್ಮೆ ಅಳೆದು ಇಟ್ಟದ್ದು. ಚಕ್ರ ತಿರುಗಿಸಿದಾಗ ಆ ಅಳತೆಯೇ ಕೆಡುತ್ತದೆ. ಮೂರು ಫೇಸಿನಲ್ಲಿ ಒಂದು ತಪ್ಪಿದೆ ಎನ್ನಿ. ಅಷ್ಟೇ ನೀರೆತ್ತಲು ಉಳಿದೆರಡು ತಂತಿಗಳಲ್ಲಿ ಕರೆಂಟು ಸುಮಾರು 1.73 ಪಟ್ಟಿಗೆ, ಅಂದರೆ 13 ಆಂಪಿಯರಿಗೆ ಏರುತ್ತದೆ. ಶಾಖ ಹುಟ್ಟುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಎಂದು ಪಾಠದಲ್ಲಿ ಓದಿದ್ದೀರಿ. 1.73ರ ವರ್ಗ 3. ಆ ಎರಡು ತಂತಿಗಳ ಸುರುಳಿಯಲ್ಲಿ ಮೂರು ಪಟ್ಟು ಶಾಖ! ರಿಲೇ 7.5ಕ್ಕೆ ಇದ್ದರೆ ಕೆಲವೇ ನಿಮಿಷದಲ್ಲಿ ಮೋಟರು ಉಳಿಯುತ್ತದೆ. ಯಾರೋ ಅದನ್ನು 10ಕ್ಕೆ ಏರಿಸಿದ್ದರೆ, ರಿಲೇಯ ಕಣ್ಣಿಗೆ ಅದು ಬರೀ 1.3 ಪಟ್ಟು. ಅದು ಬಹಳ ಹೊತ್ತು ಸುಮ್ಮನಿರುತ್ತದೆ; ಅಷ್ಟರಲ್ಲಿ ಸುರುಳಿ ಸುಟ್ಟಿರುತ್ತದೆ. ಫ್ಯೂಜಿಗೆ ದಪ್ಪ ತಂತಿ ಕಟ್ಟಿದ್ದರೆ ಆ ಕಾವಲೂ ಇಲ್ಲ.

ಹಾಗಾದರೆ ‘ಟಕ್’ ಎಂದಾಗ ಮಾಡಬೇಕಾದುದೇನು? ರಿಲೇಯನ್ನು ಬೈಯುವ ಮೊದಲು ಕಾರಣ ಹುಡುಕಬೇಕು. ಮೂರೂ ಫೇಸು ಬರುತ್ತಿವೆಯೇ? ವೋಲ್ಟೇಜು ತೀರ ಇಳಿದಿದೆಯೇ? ಸುತ್ತಲಿನ ಪಂಪುಗಳೆಲ್ಲ ಆಟೋ ಸ್ಟಾರ್ಟರಿನಿಂದ ಒಮ್ಮೆಲೇ ಎದ್ದರೆ ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಶೇಕಡಾ 20 ಇಳಿದರೆ ಮೋಟರಿನ ತಿರುಗುಬಲ ಶೇಕಡಾ 64ಕ್ಕೆ ಇಳಿಯುವುದರಿಂದ, ಅದು ಏಳಲು ಹೆಚ್ಚು ಹೊತ್ತು ತಿಣುಕುತ್ತದೆ. ಪಂಪಿನಲ್ಲಿ ಮರಳು ಸಿಕ್ಕಿದೆಯೇ, ಬೇರಿಂಗು ಬಿಗಿದಿದೆಯೇ? ಇವನ್ನೆಲ್ಲ ನೋಡಿಸಿ. ಫೇಸು ತಪ್ಪಿದ ಕೂಡಲೇ ಗುರುತಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದರೆ ಇನ್ನೂ ಒಳ್ಳೆಯದು. ನೇರ ಸ್ಟಾರ್ಟರಿನಲ್ಲಿ ರಿಲೇಯ ಸಂಖ್ಯೆ ಮೋಟರಿನ ಫಲಕದ ಮೇಲಿನ ಆಂಪಿಯರಿಗೆ ಹೊಂದಬೇಕು. ಸ್ಟಾರ್-ಡೆಲ್ಟಾದಲ್ಲಿ ಲೆಕ್ಕ ಬೇರೆ. ಅದನ್ನು ನುರಿತ ಎಲೆಕ್ಟ್ರಿಷಿಯನ್ನರಿಗೆ ಬಿಡಿ.

ವಿದ್ಯಾರ್ಥಿ ಮಿತ್ರರೇ, ಸ್ಟಾರ್ಟರಿನ ಪೆಟ್ಟಿಗೆ ಮಾತ್ರ ತೆರೆಯಬೇಡಿ, ಜೀವಕ್ಕೆ ಅಪಾಯ. ರಿಲೇಯ ಗುಟ್ಟು ಮನೆಯಲ್ಲೇ ನೋಡಬಹುದು. ಒಂದು ಬದಿಗೆ ಕಾಗದ, ಇನ್ನೊಂದು ಬದಿಗೆ ಅಲ್ಯುಮಿನಿಯಂ ಇರುವ ಚಾಕಲೇಟಿನ ಹೊದಿಕೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ. ಹಿರಿಯರು ಎದುರಿಗಿರುವಾಗ ಅದನ್ನು ಇಕ್ಕಳದಲ್ಲಿ ಹಿಡಿದು, ಮೇಣದಬತ್ತಿಯ ಜ್ವಾಲೆಗೆ ತಗಲದಂತೆ ಒಂದು ಗೇಣು ಮೇಲಿಡಿ. ಪಟ್ಟಿ ಮೆಲ್ಲನೆ ಕಾಗದದ ಬದಿಗೆ ಬಾಗುತ್ತದೆ. ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿ. ತುಸು ಎತ್ತರಕ್ಕೆ ಒಯ್ದು ಮತ್ತೆ ಎಣಿಸಿ. ಶಾಖ ಕಡಿಮೆಯಾದಷ್ಟೂ ತಡ ಹೆಚ್ಚು.

ಎಣಿಸಿ ಮುಗಿದ ಮೇಲೆ ಅಪ್ಪನಿಗೆ ಒಂದು ಪ್ರಶ್ನೆ ಕೇಳಿ: ‘ನಮ್ಮ ಮೋಟರಿನ ಫಲಕದ ಮೇಲೆ ಎಷ್ಟು ಆಂಪಿಯರ್ ಇದೆ, ರಿಲೇ ಎಷ್ಟಕ್ಕೆ ಇದೆ?’ ಎರಡೂ ಹೊಂದದಿದ್ದರೆ, ಮುಂದಿನ ಸರದಿಗೆ ಕರೆಂಟು ಬರುವ ಮೊದಲೇ ಎಲೆಕ್ಟ್ರಿಷಿಯನ್ನರನ್ನು ಕರೆಸುವುದು ಮೇಲು.