ಗಿರಣಿ ಮಾರೋರಿಗೆ ಹಿಟ್ಟಿನ ಲೆಕ್ಕ ಕೇಳ್ರಿ

ಮಾಳಗಿ ಮ್ಯಾಲ ಸೋಲಾರ್ ಹಾಕಸ್ಬೇಕಂತ ಈಗ ಓಣಿಓಣ್ಯಾಗ ಮಾತು ನಡದೈತಿ. ಹಾಕಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಕಿಲೋವ್ಯಾಟ್ ಅಂದ್ರೇನು, ಯೂನಿಟ್ ಅಂದ್ರೇನು ಅಂತ ಬಿಡಿಸಿ ಹೇಳಾಕ ಬರಲಾರದವರಿಗೆ ಒಂದು ರೂಪಾಯಿನೂ ಮುಂಗಡ ಕೊಡಬ್ಯಾಡ್ರಿ.

ಮಾರಾಕ ಬಂದವರು ಏನಂತಾರ? "ನಿಮ್ಮ ಮನಿಗೆ 3 ಕಿಲೋವ್ಯಾಟ್ ಹಾಕಸ್ರಿ, ಬಿಲ್ ಸೊನ್ನೆ ಆಗ್ತೈತಿ." ಅದನ್ನೂ ಗಂಡಸರ ಮಾರಿ ನೋಡೇ ಹೇಳೂದು. ಚಾ ತಂದು ಕೊಟ್ಟಾಕಿ ಕಡೆ ಕಣ್ಣೆತ್ತಿ ಸುದ್ದಾ ನೋಡೂದಿಲ್ಲ. ಗಂಡಸರು ತಲಿ ಅಲ್ಲಾಡಸ್ತಾರ. ಲಕ್ಷ ದಾಟೋ ವ್ಯವಹಾರ, ಅರ್ಧ ತಾಸಿನ್ಯಾಗ ಮುಗದು ಹೋಗ್ತೈತಿ. ಆದ್ರ ಆ ಮನ್ಯಾಗ ತಿಂಗಳಿಗೆ ಎಷ್ಟು ಕರೆಂಟ್ ಖರ್ಚಾಗ್ತೈತಿ ಅಂತ ಒಬ್ಬರೂ ಕೇಳಿರೂದಿಲ್ಲ!

ಇದನ್ನ ಗಿರಣಿ ಲೆಕ್ಕದಾಗ ಹೇಳ್ತೀನಿ, ನೋಡ್ರಿ. ಗಿರಣಿ ಎಷ್ಟು ದೊಡ್ಡದು, ತಾಸಿಗೆ ಎಷ್ಟು ಜ್ವಾಳ ಬೀಸೋ ತಾಕತ್ತು ಐತಿ ಅನ್ನೂದು ಕಿಲೋವ್ಯಾಟ್. ಸಂಜಿಗೆ ನಮ್ಮ ಡಬ್ಬಿಗೆ ಬಂದು ಬಿದ್ದ ಹಿಟ್ಟು ಎಷ್ಟು ಅನ್ನೂದು ಯೂನಿಟ್. ದೊಡ್ಡ ಗಿರಣಿನೂ ಅರ್ಧ ತಾಸು ತಿರುಗಿ ನಿಂತ್ರ ಹಿಟ್ಟು ಸ್ವಲ್ಪನ. ರೊಟ್ಟಿ ಬಡಿಯೂದು ಹಿಟ್ಟಿಲೆ, ಗಿರಣಿಲೆ ಅಲ್ಲ. 1000 ವ್ಯಾಟ್‌ಗೆ ಒಂದು ಕಿಲೋವ್ಯಾಟ್. 1000 ವ್ಯಾಟ್‌ನ ಸಾಮಾನು ಒಂದು ತಾಸು ನಡದ್ರ ಒಂದು ಯೂನಿಟ್. ಪುಸ್ತಕದಾಗ ಇದನ್ನ ಕಿಲೋವ್ಯಾಟ್ ಅವರ್ ಅಂತಾರ. ಇಷ್ಟ ಐತಿ ವಿದ್ಯೆ. ಪಿಯುಸಿ ಓದಿದ ನನಗ ತಿಳಿತೈತಿ ಅಂದ್ರ ಎಲ್ಲಾರಿಗೂ ತಿಳಿತೈತಿ.

ಅದಕ್ಕ "ದಿನಕ್ಕ 12 ಕಿಲೋವ್ಯಾಟ್ ಬರ್ತೈತಿ" ಅಂತ ಯಾರರ ಹೇಳಿದ್ರ, ಚೀಟ್ಯಾಗ ಬರದು ಕೊಟ್ರ, ಅಲ್ಲೇ ನಿಲ್ಲಸ್ರಿ. ಅದು ಅರ್ಥ ಇಲ್ಲದ ಮಾತು. ದಿನಕ್ಕ ಬರೂದು ಯೂನಿಟ್. ಮಾತು ಹೆಂಗರ ಇರಲಿ, ತಾತ್ಪರ್ಯ ಒಂದ ಅನ್ನೋರು ಅದಾರ. ಅಲ್ರಿ! ಎಣ್ಣಿ ಅಂಗಡ್ಯಾಗ ಎಣ್ಣಿ ಬಿಟ್ಟು ಗಾಣದ ಅಳತಿ ಹೇಳಿದ್ರ ರೊಕ್ಕ ಕೊಡ್ತೀರೇನು?

ನಿಮ್ಮ ಕರೆಂಟ್ ಬಿಲ್ ತಗದು ನೋಡ್ರಿ. ಎರಡೂ ಅಳತಿ ಅದರೊಳಗ ಬ್ಯಾರೆಬ್ಯಾರೆ ಕುಂತಾವ. ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಐತೋ ಅದರ ಮ್ಯಾಲ ನಿಗದಿತ ಶುಲ್ಕ. ಎಷ್ಟು ಯೂನಿಟ್ ಸುಟ್ಟೀವೋ ಅದರ ಮ್ಯಾಲ ಬಳಕೆ ಶುಲ್ಕ. ಸರ್ಕಾರದವರೂ ಹಂಗ. ಗೃಹಜ್ಯೋತಿ ಲೆಕ್ಕ ತಿಂಗಳಿಗೆ 200 ಯೂನಿಟ್ ಒಳಗ ಅಂತ. 2024ರಾಗ ಬಂದ ಪಿಎಂ ಸೂರ್ಯಘರ್ ಯೋಜನೆಯೊಳಗ ಎರಡೂ ಅದಾವ. ಫುಕಟ್ ಅಂತ ಹೇಳೂದು ತಿಂಗಳಿಗೆ 300 ಯೂನಿಟ್‌ವರೆಗೆ. ಸಬ್ಸಿಡಿ ಕೊಡೂದು ಕಿಲೋವ್ಯಾಟ್ ಮ್ಯಾಲ: ಮೊದಲ ಎರಡಕ್ಕ ತಲಾ 30,000, ಮೂರನೇದಕ್ಕ 18,000, ಒಟ್ಟು 78,000 ರೂಪಾಯಿ, ಅದರ ಮ್ಯಾಲ ಇಲ್ಲ. ಸಬ್ಸಿಡಿ 3 ಕಿಲೋವ್ಯಾಟ್‌ಗೆ ತುಂಬ್ತೈತಿ ಅಂತ ಎಲ್ಲಾರ ಮನಿಗೂ 3 ಕಿಲೋವ್ಯಾಟನ ಬೇಕು ಅಂತ ಅಲ್ಲ.

ಈಗ ಕೂಡಿಸಿ ನೋಡೂಣು. ನಮ್ಮ ಕಡೆ ಬಿಸಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಛಲೋ ದಿನ ಸುಮಾರು 4 ಯೂನಿಟ್ ಕೊಡ್ತೈತಿ. 3 ಕಿಲೋವ್ಯಾಟ್ ಅಂದ್ರ 12 ಯೂನಿಟ್, ತಿಂಗಳಿಗೆ ಮುನ್ನೂರರ ಆಚೀಚೆ. ಗೃಹಜ್ಯೋತಿಯೊಳಗ 110 ಯೂನಿಟ್ ಸುಟ್ಟು ಬಿಲ್ಲನ ಕಟ್ಟದ ಮನಿಗೆ ಸಾಲ ಮಾಡಿಸಿ ಇದನ್ನ ಹಾಕಸ್ತಾರಲ್ಲ, "ಬಿಲ್ ಸೊನ್ನೆ" ಅನ್ನೂದಕ್ಕ ಅಲ್ಲೇನು ಅರ್ಥ? ಹೆಚ್ಚಾದ ಕರೆಂಟ್ ಮಾರ್ಕೊಬಹುದು ಅಂತಾರ. ಹೌದು, ಹೋದದ್ದು ಬಂದದ್ದು ಎರಡನ್ನೂ ನೆಟ್ ಮೀಟರ್ ಅಳಿತೈತಿ. ಆದ್ರ ಉಳದ ಯೂನಿಟ್‌ಗೆ ನಮಗ ಸಿಗೂ ದರ ನಾವು ಕೊಳ್ಳೂ ದರಕ್ಕಿಂತ ಕಡಿಮಿ. ಈ ಮಾತು ಮಾರೋರ ಬಾಯಾಗ ಮೊದಲಿಗೆ ಬರೂದಿಲ್ಲ.

ಇನ್ನೊಂದು ಐತಿ. ಪ್ಯಾನೆಲ್ ಬೆನ್ನಿಗೆ ಬರದಿದ್ದು ಪ್ರಯೋಗಶಾಲಾದಾಗ ಅಳದ ಅಂಕಿ, ಪ್ಯಾನೆಲ್ ಮೈ 25 ಡಿಗ್ರಿ ಇದ್ದಾಗಿಂದು. ಏಪ್ರಿಲ್‌ನ್ಯಾಗ ನಮ್ಮ ಮಾಳಗಿ ಮ್ಯಾಲ ಬರಿಗಾಲಿಲೆ ನಿಂದ್ರಾಕ ಆಗೂದಿಲ್ಲ. ಪ್ಯಾನೆಲ್ ಕಾದಂಗ ಅದರ ಕಸುವು ಇಳಿತೈತಿ. ಆಷಾಢದ ಮೋಡ, ಬಾಜೂ ಮನಿ ನೀರಿನ ಟಾಕಿ ನೆರಳು, ರಸ್ತಾದ ಧೂಳು, ಇವೂ ತಮ್ಮ ಪಾಲು ತಿಂತಾವ. ಅದಕ್ಕ ಕಿಲೋವ್ಯಾಟ್ ಕೇಳಿದ್ರ ಸಾಲೂದಿಲ್ಲ. ಮಳಿಗಾಲದಾಗ ತಿಂಗಳಿಗೆ ಎಷ್ಟು ಯೂನಿಟ್ ಅಂತ ಕೇಳ್ರಿ.

"ಮಗ ಎಂಜಿನಿಯರ್ ಅದಾನ, ಅವಾ ನೋಡ್ಕೊಂತಾನ ಬಿಡ್ರಿ ವೈನಿ" ಅನ್ನೋರಿಗೂ ಹೇಳೂದೈತಿ. ಸೂತ್ರ ಅವಗ ಗೊತ್ತಿರಬಹುದು. ಗೀಜರ್ ಎಷ್ಟು ಹೊತ್ತು ಇರ್ತೈತಿ, ಫ್ಯಾನ್ ಎಷ್ಟು ತಾಸು ತಿರಗತೈತಿ ಅನ್ನೂದು ಯಾರಿಗೆ ಗೊತ್ತು? ನಮಗ. 2000 ವ್ಯಾಟ್ ಗೀಜರ್ ಅರ್ಧ ತಾಸು ಅಂದ್ರ 1 ಯೂನಿಟ್. 750 ವ್ಯಾಟ್ ಮಿಕ್ಸರ್ ಹತ್ತು ನಿಮಿಷ ಅಂದ್ರ ಒಂದು ಯೂನಿಟ್‌ನ ಎಂಟನೇ ಪಾಲು. 75 ವ್ಯಾಟ್ ಫ್ಯಾನ್ ಹತ್ತು ತಾಸು ಅಂದ್ರ ಮುಕ್ಕಾಲು ಯೂನಿಟ್. ಗದ್ದಲ ಮಾಡೂದು ಮಿಕ್ಸರ್, ಸುಮ್ನ ಕುಂತು ತಿನ್ನೂದು ಫ್ಯಾನ್. ಫ್ರಿಜ್ ಮ್ಯಾಲಿನ ಸ್ಟಾರ್ ಚೀಟ್ಯಾಗ ವರ್ಷಕ್ಕ ಎಷ್ಟು ಯೂನಿಟ್ ಅಂತ ಬರದಿರ್ತಾರ, ಹನ್ನೆರಡರಿಂದ ಭಾಗಸ್ರಿ. ದಿನಸಿ ಲೆಕ್ಕ, ಹಾಲಿನ ಲೆಕ್ಕ, ಭಿಶಿ ಲೆಕ್ಕ ಬಾಯಾಗ ಇಟ್ಕೊಂಡವರಿಗೆ ಇದೇನು ಭಾರ ಅಲ್ಲ. ನಮಗ ತಿಳಿಯಂಗಿಲ್ಲ ಅಂತ ನಾವ ಒಪ್ಕೊಂಡು ಕುಂತ್ರ ಮಾರೋರಿಗೆ ಅನುಕೂಲ.

ಬ್ಯಾಟರಿ ವಿಷಯನೂ ಹಂಗ. "150 ಎಎಚ್ ಐತ್ರಿ" ಅಂದ್ರ ದೊಡ್ಡದು ಕೇಳಸ್ತೈತಿ. 12 ವೋಲ್ಟ್ ಬ್ಯಾಟರಿ ಆದ್ರ 150ನ್ನ 12ರಿಂದ ಗುಣಸ್ರಿ, 1800 ಬಂತು. ಅಂದ್ರ ಪೂರಾ ತುಂಬಿದಾಗನೂ ಎರಡು ಯೂನಿಟ್ ಇಲ್ಲ. ಗೀಜರ್‌ಗೆ ಒಂದು ತಾಸಿಗೂ ಸಾಲೂದಿಲ್ಲ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಹಾಕಸಿದ್ರ, ಕರೆಂಟ್ ಹೋದಾಗ ಮಟಮಟ ಮಧ್ಯಾಹ್ನದಾಗೂ ಸೋಲಾರ್ ನಿಂದ್ರತೈತಿ. ಕಂಬದ ಮ್ಯಾಲ ಕೆಲಸ ಮಾಡೋ ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ ಹಂಗ ಮಾಡಿರ್ತಾರ. ಅದು ಸರಿನ ಐತಿ. ಆದ್ರ ಸಹಿ ಹಾಕೂಕಿಂತ ಮೊದಲ ಹೇಳಬೇಕು, ಆಮ್ಯಾಲಲ್ಲ.

ಅದಕ್ಕ ಅಕ್ಕಾರ, ಮುಂದ ಯಾರರ ಬಂದ್ರ ಚಾ ಕೊಟ್ಟು ಒಳಗ ಹೋಗಬ್ಯಾಡ್ರಿ, ಹನ್ನೆರಡು ತಿಂಗಳ ಬಿಲ್ ಹಿಡಕೊಂಡು ಕುರ್ಚಿ ಮ್ಯಾಲ ಕೂಡ್ರಿ. ಮೂರು ಮಾತು ಕೇಳ್ರಿ: ನಮ್ಮ ಮನಿ ತಿಂಗಳ ಖರ್ಚು ಎಷ್ಟು ಯೂನಿಟ್ ಅಂತ ನೋಡೀರೇನು? ಜುಲೈದಾಗ ಎಷ್ಟು ಯೂನಿಟ್, ಏಪ್ರಿಲ್‌ದಾಗ ಎಷ್ಟು ಯೂನಿಟ್ ಕೊಡ್ತೈತಿ? ಉಳದ ಯೂನಿಟ್‌ಗೆ ದರ ಎಷ್ಟು? ಮೂರಕ್ಕೂ ಉತ್ತರ ಕಾಗದದ ಮ್ಯಾಲ, ಸಹಿ ಹಾಕಿ ಕೊಡಬೇಕು. "ಅದೆಲ್ಲಾ ನಿಮಗ್ಯಾಕ್ರಿ ಅಮ್ಮಾರ" ಅಂದ್ರ, ಬಾಗಲಾ ತೋರಸ್ರಿ. ಸಾಲದ ಕಂತು ಮನಿ ಖರ್ಚಿನ್ಯಾಗಿಂದ ಹೋಗೂದು, ಆ ಖರ್ಚು ತೂಗಸಾಕಿ ನಾವು.